ಕಿಟಕಿ ನೋಡದೆ ಬೋರ್ಡು ಬರೆಯುವವರಿಗೆ...

ಮೊನ್ನೆ ಜೇವರ್ಗಿಯಿಂದ ಅಕ್ಕನ ಮಗ ಫೋನ್ ಮಾಡಿದ್ದ. ಹೊಸದಾಗಿ ಲಿನಕ್ಸ್ ಹಾಕಿಕೊಂಡಿದ್ದಾನೆ, ಅದೂ ಕನ್ನಡದಲ್ಲಿ. "ಮಾಮಾ, ಡಿಸ್ಕಿನ್ಯಾಗ 40 ಜಿಬಿ ಉಚಿತ ಅಂತ ಬರದದ. ಹಂಗಾರ ಉಳಿದದ್ದಕ್ಕ ರೊಕ್ಕಾ ಕೊಡಬೇಕೇನು?"

ನಕ್ಕೆ. ಆಮೇಲೆ ನಗು ನಿಂತುಹೋಯಿತು. ಆ ಸಾಲನ್ನು ಅನುವಾದ ಮಾಡಿದವನು ನಾನೇ! ಪಟ್ಟಿಯಲ್ಲಿ 'ಫ್ರೀ' ಅಂತಿತ್ತು, 'ಉಚಿತ' ಅಂತ ಬರೆದು ಮುಂದಿನ ಸಾಲಿಗೆ ಹೋಗಿದ್ದೆ. 'ಖಾಲಿ' ಅನ್ನಬೇಕಿತ್ತು. ಹುಡುಗ ಫೋನ್ ಇಡುವ ಮುಂಚೆ ಹೇಳಿದ್ದು ಇನ್ನೂ ಚುಚ್ಚುತ್ತಿದೆ: "ಇರ್ಲಿ ಬಿಡು ಮಾಮಾ, ಇಂಗ್ಲಿಷ್‌ಗೇ ಮಾಡ್ಕೋತೀನಿ."

ನಮ್ಮ ಕನ್ನಡ ಅನುವಾದಕರ ರೋಗವೇ ಇದು ಸ್ವಾಮಿ. ಪಿಒ ಫೈಲು ತೆರೆಯುತ್ತೇವೆ, ಮೇಲೆ ಇಂಗ್ಲಿಷು, ಕೆಳಗೆ ಖಾಲಿ ಜಾಗ. ತುಂಬುತ್ತಾ ಹೋಗುತ್ತೇವೆ. ಶೇಕಡಾ ನೂರು ಮುಗಿಯಿತು ಅಂತ ಬೆನ್ನು ತಟ್ಟಿಕೊಳ್ಳುತ್ತೇವೆ. ಆ ಪದ ಗುಂಡಿಯ ಮೇಲೆ ಕೂರುತ್ತದೋ, ತಲೆಬರಹವಾಗುತ್ತದೋ ನೋಡಿದವರು ಎಷ್ಟು ಜನ? 'ರೈಟ್' ಅಂದರೆ ಬಲವೋ, ಸರಿಯೋ? 'ಓಪನ್' ಅಂದರೆ 'ತೆರೆ' ಅಂತೀರಿ. ತೆರೆ ಅಂದರೆ ಅಲೆಯೂ ಹೌದು, ಪರದೆಯೂ ಹೌದು. ನಮ್ಮ ಆಳಂದದ ಕಡೆ ಬಾಗಿಲು 'ತೆಗಿ' ಅಂತೀವಿ. ಆದರೆ ಗುಂಡಿಯ ಮೇಲೆ 'ತೆಗೆ' ಅಂತ ಬರೆದರೆ ಮೈಸೂರಿನವರು ಫೈಲೇ ಅಳಿಸಿಹೋಗುತ್ತದೆ ಅಂತ ಹೆದರಿಯಾರು. ಇದು ಕೂತು ಜಗಳಾಡಬೇಕಾದ ವಿಷಯವೇ. ಆದರೆ ಜಗಳ ಕಿಟಕಿಯನ್ನು ಮುಂದಿಟ್ಟುಕೊಂಡು ಆಗಲಿ.

"ಅದಕ್ಕೆ ಇಡೀ ಸೋರ್ಸ್ ಕೋಡ್ ಕಂಪೈಲ್ ಮಾಡಬೇಕಲ್ರೀ, ನಾವೇನು ಇಂಜಿನಿಯರಾ?" ಈ ನೆಪ ಕೇಳಿ ಕೇಳಿ ಸಾಕಾಗಿದೆ. ಬೇಕಿಲ್ಲ! ಜಿಟಿಕೆ ಬಳಸುವ ಬಹಳಷ್ಟು ತಂತ್ರಾಂಶಗಳ ಕಿಟಕಿಗಳು ಯುಐ ಫೈಲುಗಳಲ್ಲಿ ಇರುತ್ತವೆ. ಒಳಗಿರುವುದು ಬರೀ ಎಕ್ಸ್‌ಎಂಎಲ್. ಒಂದು ಪ್ರತಿ ಮಾಡಿಕೊಳ್ಳಿ, ಲೇಬಲ್ ಇದ್ದಲ್ಲಿ ಇಂಗ್ಲಿಷ್ ಅಳಿಸಿ ನಿಮ್ಮ ಕನ್ನಡ ಬರೆಯಿರಿ. ಟರ್ಮಿನಲ್‌ನಲ್ಲಿ 'ಜಿಟಿಕೆ-ಬಿಲ್ಡರ್-ಟೂಲ್ ಪ್ರಿವ್ಯೂ' ಅಂತ ಹೊಡೆದು ಮುಂದೆ ಫೈಲಿನ ಹೆಸರು ಕೊಡಿ (ಜಿಟಿಕೆ 4ರ ಫೈಲಾದರೆ 'ಜಿಟಿಕೆ4-ಬಿಲ್ಡರ್-ಟೂಲ್'). ಕಿಟಕಿ ಕಣ್ಣೆದುರು! 'ಪ್ರಿವ್ಯೂ' ಬದಲು 'ವ್ಯಾಲಿಡೇಟ್' ಅಂದರೆ ಫೈಲಿನಲ್ಲಿ ತಪ್ಪಿದೆಯಾ ಅಂತಲೂ ಹೇಳುತ್ತದೆ. ಕ್ಯೂಟಿ ಡಿಸೈನರ್‌ನ ಯುಐ ಫೈಲು ಬೇರೆ ಜಾತಿಯದು, ಹೆಸರಿನ ಬಾಲ ಮಾತ್ರ ಒಂದೇ. ಅದಕ್ಕೆ 'ಪೈಯುಐಸಿ5', ಜೊತೆಗೆ 'ಮೈನಸ್ ಪಿ'.

ಕಪ್ಪು ಪರದೆ ಕಂಡು ಹೆದರುವವರೇ, ಒಂದೇ ಒಂದು ಸಾಲು! ಯೂನಿಕೋಡ್ ಕೀಲಿಮಣೆ ಕಲಿಯಲು ಪಟ್ಟ ಪಾಡಿನ ಕಾಲುಭಾಗವೂ ಅಲ್ಲ.

ಇದಕ್ಕೂ ಮಿತಿ ಇದೆ, ಸುಳ್ಳು ಹೇಳಲಾರೆ. ತಂತ್ರಾಂಶದವರು ತಾವೇ ಕಟ್ಟಿಕೊಂಡ ವಿಶೇಷ ಭಾಗಗಳಿದ್ದರೆ ಈ ಸಲಕರಣೆಗೆ ಅವು ಗೊತ್ತಿರುವುದಿಲ್ಲ, ದೋಷ ತೋರಿಸಿ ನಿಂತುಬಿಡುತ್ತದೆ. ತೆರೆದ ಕಿಟಕಿಯ ಹಿಂದೆ ತಂತ್ರಾಂಶ ಇಲ್ಲದ್ದರಿಂದ ಗುಂಡಿ ಒತ್ತಿದರೆ ಕೆಲಸ ನಡೆಯುವುದಿಲ್ಲ. ಆದರೆ ನಮಗೆ ಬೇಕಾದ್ದು ಸಿಗುತ್ತದೆ: 'ಆದ್ಯತೆಗಳು' ಗುಂಡಿಯೊಳಗೆ ಹಿಡಿಯಿತೇ? 'ಸ್ತ್ರೀ'ಯಂಥ ಅಕ್ಷರದ ಒತ್ತು ಕೆಳಗೆ ಕತ್ತರಿಸಿಹೋಯಿತೇ? ಪಕ್ಕದ ಪದದ ಜೊತೆ ಓದಿದರೆ ಅರ್ಥ ಬಂತೇ?

ಆಳಂದ, ಅಫಜಲಪುರ, ಜೇವರ್ಗಿ, ಮೂರೂ 1948ರವರೆಗೆ ನಿಜಾಮನ ರಾಜ್ಯದಲ್ಲಿದ್ದವು. ದಫ್ತರದ ಭಾಷೆ ಉರ್ದು. ನಮ್ಮ ಹಿರಿಯರು ತಮ್ಮ ಹೊಲದ ಕಾಗದ ಇನ್ನೊಬ್ಬರಿಂದ ಓದಿಸಿಕೊಂಡವರು. ಆಮೇಲೆ ಭೂಮಿ ಯೋಜನೆ ಬಂದು ತಾಲ್ಲೂಕು ಕಚೇರಿಯ ಕಂಪ್ಯೂಟರಿನಿಂದ ಪಹಣಿ ಕನ್ನಡದಲ್ಲೇ ಹೊರಬಂತು. ಆ ಊರುಗಳ ಹುಡುಗರು ಇವತ್ತು ಕನ್ನಡದ ಕಿಟಕಿ ತೆರೆದು, ಅರ್ಥವಾಗದೆ ಮುಚ್ಚಿದರೆ ಬೈಸಿಕೊಳ್ಳುವುದು ಅನುವಾದಕನಲ್ಲ. "ಕಂಪ್ಯೂಟರಿಗೆ ಕನ್ನಡ ಒಗ್ಗಲ್ಲ" ಅಂತ ಬೈಸಿಕೊಳ್ಳುವುದು ಕನ್ನಡ.

ಅದಕ್ಕೇ ಹೇಳುತ್ತೇನೆ: ಕಿಟಕಿ ನೋಡದ ಅನುವಾದವನ್ನು ಸೇರಿಸಲೇಬೇಡಿ. ನೂರು ಸಾಲು ಕುರುಡಾಗಿ ತುಂಬುವುದಕ್ಕಿಂತ ಹತ್ತು ಸಾಲು ಕಣ್ಣಿಟ್ಟು ಮಾಡಿದರೆ ಲೇಸು. ನನ್ನ 'ಉಚಿತ'ವನ್ನು ನಿನ್ನೆ ರಾತ್ರಿಯೇ ತಿದ್ದಿ ಕಳಿಸಿದೆ. ನಿಮ್ಮದು ಯಾವುದು? ಒಪ್ಪಿಕೊಳ್ಳಿ, ನಾಚಿಕೆ ಬೇಡ :-)