ತಲೆ ತಗ್ಗಿಸುವ ದೋಣಿ

ಕಳೆದ ಎರಡು ಸಂಚಿಕೆಗಳಲ್ಲಿ ನಮ್ಮ ಹರಟೆಯು ಕಾಣಿಸಿಕೊಳ್ಳಲಿಲ್ಲವೆಂದು ಹಲವರು ಸೋದರಿಯರು ಸಂಪಾದಕರಿಗೆ ಕಾಗದ ಬರೆದು, ಮೇಷ್ಟ್ರಿಗೆ ದೇಹಾಲಸ್ಯವೇ ಎಂದು ವಿಚಾರಿಸಿರುವರು. ಅವರ ವಿಶ್ವಾಸಕ್ಕೆ ನಾವು ಋಣಿಗಳು. ದೇಹಕ್ಕೆ ಏನೂ ಆಗಿರಲಿಲ್ಲ. ಹಿಂದೆ ಸಯಾಮ್ ಎನಿಸಿ ಈಗ ಥಾಯ್ಲೆಂಡ್ ಎನಿಸಿರುವ ದೇಶದ ರಾಜಧಾನಿ ಬ್ಯಾಂಕಾಕಿನಲ್ಲಿ, ನಮ್ಮ ಮಗನ ಮನೆಯಲ್ಲಿ, ನಾವೂ ನಮ್ಮ ಮನೆಯವರೂ ಎರಡು ತಿಂಗಳು ಇದ್ದು ಬಂದೆವು. ಅಲ್ಲಿ ಒಂದು ದಿನ ಮಾಡಿದ ದೋಣಿಪ್ರಯಾಣದ ವೃತ್ತಾಂತವನ್ನೂ, ಅರುವತ್ತರ ವಯಸ್ಸಿನಲ್ಲಿ ಅದರಿಂದ ನಾವು ಕಲಿತ ಪಾಠವನ್ನೂ ಈ ತಿಂಗಳು ನಿವೇದಿಸುವೆವು.

ದೋಣಿಯೆಂದೊಡನೆ ವಾಚಕರು ಕಡಲನ್ನೋ ಹೊಳೆಯನ್ನೋ ಭಾವಿಸಬಾರದು. ಇದು ಪಟ್ಟಣದ ನಟ್ಟನಡುವೆ, ಮನೆಗಳ ಹಿತ್ತಿಲುಗಳನ್ನೂ ಮಳಿಗೆಗಳ ಬೆನ್ನುಗಳನ್ನೂ ಸವರಿಕೊಂಡು ಹರಿಯುವ ಒಂದು ಕಾಲುವೆ. ಸೇನ್ ಸೇಪ್ ಎಂದು ಅದರ ಹೆಸರು. ಮೂರನೆಯ ರಾಮನೆನಿಸಿದ ರಾಜನು ಕಾಂಬೋಜ ದೇಶದ ವಿಷಯವಾಗಿ ಅನ್ನಾಮಿನವರೊಡನೆ ಕಲಹ ಹುಟ್ಟಿದಾಗ, ಸೈನ್ಯವನ್ನೂ ಧಾನ್ಯವನ್ನೂ ಮೂಡಣ ದಿಕ್ಕಿಗೆ ಬೇಗನೆ ಸಾಗಿಸುವುದಕ್ಕಾಗಿ 1837ರಿಂದ 1840ರವರೆಗೆ ಇದನ್ನು ತೋಡಿಸಿದನು. ಬಾಂಗ್ ಪಕೊಂಗ್ ನದಿಯನ್ನು ಸೇರುವವರೆಗೆ ಸುಮಾರು 72 ಕಿಲೊಮೀಟರು ಉದ್ದವಿದೆ. ಆ ಕಾಲದಲ್ಲಿ ಬ್ಯಾಂಕಾಕಿನವರಿಗೆ ಕಾಲುವೆಯೇ ಬೀದಿ, ದೋಣಿಯೇ ಬಂಡಿ. 1864ರಲ್ಲಿ ಅಲ್ಲಿಯ ವಿದೇಶೀಯರ ಬೇಡಿಕೆಯಂತೆ ಹೊಸ ರಾಜಮಾರ್ಗವೊಂದು ಸಿದ್ಧವಾದ ಮೇಲೆ ಬಂಡಿಗಳು ಬಂದುವು, ಮೋಟಾರುಗಳು ಬಂದುವು, ಅನೇಕ ಕಾಲುವೆಗಳನ್ನು ಮುಚ್ಚಿ ರಸ್ತೆ ಮಾಡಿದರು. ಕಡೆಗೆ ರಸ್ತೆಗಳೇ ವಾಹನಗಳಿಂದ ಕಟ್ಟಿಕೊಂಡು ಹೋದುವು. ಆಗ 1990ರಲ್ಲಿ, ಉಳಿದಿದ್ದ ಈ ಸೇನ್ ಸೇಪ್ ಕಾಲುವೆಯಲ್ಲಿ ಜನರನ್ನು ಸಾಗಿಸುವ ಯಂತ್ರದ ದೋಣಿಗಳನ್ನು ಬಿಟ್ಟರು. ಅಜ್ಜನ ಕಾಲದ ದಾರಿಗೆ ಮೊಮ್ಮಕ್ಕಳು ಮರಳಿ ಬಂದಂತಾಯಿತು.

ಸಂಸ್ಕೃತ ಓದಿದವನಿಗೆ ಆ ಊರಿನಲ್ಲಿ ಹೆಜ್ಜೆಹೆಜ್ಜೆಗೂ ಹಳೆಯ ನೆಂಟರು ಸಿಕ್ಕುವರು. ಊರವರು ತಮ್ಮ ಪಟ್ಟಣವನ್ನು ಬ್ಯಾಂಕಾಕ್ ಎನ್ನದೆ ಕ್ರುಂಗ್ ಥೇಪ್ ಎನ್ನುವರು. ಆ ಥೇಪ್ ಎಂಬುದು ನಮ್ಮ ದೇವ ಶಬ್ದವೇ. ಪೂರ್ತಿ ಹೆಸರನ್ನು ಹೇಳಿದರೆ ಬಾಣಭಟ್ಟನ ಸಮಾಸದಷ್ಟು ಉದ್ದವಾಗಿ, ಅಮರ, ನವರತ್ನ, ರಾಜಧಾನಿ, ವಿಷ್ಣುಕರ್ಮ ಎಂದು ಹೊರಡುವುದು. ಇದೆಲ್ಲವನ್ನೂ ಕಂಡು ನಾವು ಹಿಗ್ಗಿದೆವು. ಹಿಗ್ಗಿನೊಡನೆ ಅಹಂಕಾರವೂ ಸ್ವಲ್ಪ ಸೇರಿಕೊಂಡಿತೆಂಬುದನ್ನು ಈಗ ಒಪ್ಪಿಕೊಳ್ಳುವೆವು.

ನಮ್ಮ ಮೊಮ್ಮಗಳಿಗೆ ಒಂಬತ್ತು ವರ್ಷ. ಹುಟ್ಟಿದ್ದು ನಮ್ಮೂರಿನಲ್ಲಿ, ಬೆಳೆಯುತ್ತಿರುವುದು ಅಲ್ಲಿ. ನಾವು ಹೋದ ಮೂರನೆಯ ಶನಿವಾರ ನಮ್ಮ ಕಡೆಯ ಎರಡು ಕುಟುಂಬದವರು ಊಟಕ್ಕೆ ಬಂದಿದ್ದರು. ಅವರಲ್ಲೊಬ್ಬರು ಮಗುವಿಗೆ ಕನ್ನಡದ ಕಥೆಯ ಪುಸ್ತಕವೊಂದನ್ನು ಕೊಟ್ಟು ಓದೆಂದರು. ಮಗು ಮೊದಲನೆಯ ಸಾಲಿನಲ್ಲಿಯೇ ಎಡವಿತು. ಎರಡನೆಯ ಸಾಲಿನಲ್ಲಿ ನಿಂತೇ ಹೋಯಿತು. ಮೂವತ್ತೈದು ವರ್ಷ ಅನ್ಯರ ಮಕ್ಕಳಿಗೆ ಅಕ್ಷರ ಕಲಿಸಿದವರ ಮನೆಯಲ್ಲಿಯೇ ಹೀಗಾಯಿತೆಂದು ನಮಗೆ ಮೈಯೆಲ್ಲ ಉರಿಯಿತು. ಎಲೆಯ ಮುಂದೆ ಕುಳಿತು, ಎಲ್ಲರಿಗೂ ಕೇಳುವಂತೆ, “ತಾಯಿಗೆ ಬೇಡವಾದ ಭಾಷೆ ಮಗುವಿಗೆ ಎಲ್ಲಿಂದ ಬಂದೀತು?” ಎಂದುಬಿಟ್ಟೆವು.

ಸೊಸೆಯು ಸಾರು ಬಡಿಸುತ್ತಿದ್ದಳು. ಸೌಟು ಒಂದು ಕ್ಷಣ ನಿಂತಿತು. ಅನಂತರ ಅವಳು ಮುಂದಿನ ಎಲೆಗೆ ಬಡಿಸಿಕೊಂಡು ಹೋದಳು. ಎದುರು ಮಾತೊಂದೂ ಬರಲಿಲ್ಲ.

ಆ ರಾತ್ರಿ ನಮ್ಮ ಮನೆಯವರು, “ಅವಳು ಹಗಲೆಲ್ಲ ಆಫೀಸಿನಲ್ಲಿ ದುಡಿದು ಬಂದು ನಿಮಗೆ ಬಿಸಿ ಅನ್ನ ಹಾಕುತ್ತಾಳೆ. ನಾಲ್ಕು ಜನರ ಮುಂದೆ ಆಡುವ ಮಾತೇ ಅದು?” ಎಂದರು. ನಾವು ಸತ್ಯವನ್ನೇ ನುಡಿದೆವೆಂದು ವಾದಿಸಿದೆವು. “ಸತ್ಯವನ್ನು ಪ್ರಿಯವಾಗಿ ಹೇಳಬೇಕೆಂದು ವರ್ಷವರ್ಷವೂ ಹುಡುಗರಿಗೆ ಬಾಯಿಪಾಠ ಮಾಡಿಸಿದವರು ನೀವೇ” ಎಂದು ಅವರು ಮಗ್ಗುಲಾದರು. ಮುಂದಿನ ನಾಲ್ಕು ದಿನ ಸೊಸೆಯು “ಊಟಕ್ಕೆ ಬನ್ನಿ” ಎಂಬುದರ ಹೊರತು ನಮ್ಮೊಡನೆ ಮಾತನಾಡಲಿಲ್ಲ. ನಾವೂ ಬಿಗುಮಾನ ಬಿಡಲಿಲ್ಲ. ಊರಿಗೆ ಹಿಂದಿರುಗುವ ಟಿಕೆಟ್ಟನ್ನು ಹದಿನೈದು ದಿನ ಮುಂಚಿತವಾಗಿಯೇ ಕೊಡಿಸೆಂದು ಮಗನಿಗೆ ಹೇಳಿದೆವು. ಅವನು ಮುಖ ಸಣ್ಣದು ಮಾಡಿಕೊಂಡು, “ವಿಚಾರಿಸುತ್ತೇನೆ ಅಪ್ಪ” ಎಂದನು.

ಐದನೆಯ ದಿನ ರಜೆಯಿದ್ದಿತು. ಸೊಸೆಯು ನಮ್ಮ ಕೋಣೆಯ ಬಾಗಿಲಿಗೆ ಬಂದು, “ಮಾವ, ಅತ್ತೆಯವರನ್ನು ಬೊಬೆ ಪೇಟೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ದೋಣಿಯಲ್ಲಿ ಹೋಗುವುದು. ನೀವೂ ಬನ್ನಿ” ಎಂದಳು. ಬೊಬೆಯೆಂಬುದು ಕಾಲುವೆಯ ದಡದಲ್ಲಿರುವ ಸಿದ್ಧ ಉಡುಪುಗಳ ಸಗಟು ಪೇಟೆ. ನಮಗೆ ಉಡುಪು ಬೇಕಾಗಿರಲಿಲ್ಲ. ಆದರೂ ಇಲ್ಲವೆನ್ನಲು ನಾಲಗೆ ಏಳಲಿಲ್ಲ.

ದೋಣಿಗಟ್ಟೆಯ ಹೆಸರು ಅಸೋಕ್. ಅಶೋಕಮಂತ್ರಿ ಎಂಬ ಬಿರುದಿನ ಅಧಿಕಾರಿಯೊಬ್ಬನಿಂದ ಅಲ್ಲಿಯ ರಸ್ತೆಗೆ ಬಂದ ಹೆಸರು. ನಾವು ಮೊಮ್ಮಗಳಿಗೆ ಅದರ ವ್ಯುತ್ಪತ್ತಿಯನ್ನು ಹೇಳಲು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, ಅವಳು ಹಲಗೆಯ ಮೇಲಿದ್ದ ಥಾಯ್ ಅಕ್ಷರಗಳ ಮೇಲೆ ಬೆರಳಾಡಿಸಿ, “ತಾತ, ಇದು ನಮ್ಮ ಅ. ಇದು ಓ, ಇಲ್ಲಿ ಓ ಮೊದಲು ಬರುತ್ತೆ. ಇದು ಶ. ಇದು ಕ” ಎಂದಳು. ನಾವು ಆಶ್ಚರ್ಯಪಟ್ಟೆವು. ಆ ಜನರು ಉಚ್ಚರಿಸುವಾಗ ಶ, ಷ, ಸ ಮೂರನ್ನೂ ಒಂದೇ ವಿಧವಾಗಿ ನುಡಿಯುವರಾದರೂ ಬರೆಯುವಾಗ ಮೂರನ್ನೂ ಬೇರೆಬೇರೆಯಾಗಿ ಕಾಪಾಡಿಕೊಂಡಿರುವರು. ಇದನ್ನು ಶಾಲೆಯಲ್ಲಿ ಯಾರೋ ಹೇಳಿಕೊಟ್ಟಿರಬೇಕೆಂದು ತಿಳಿದು ಸುಮ್ಮನಾದೆವು.

ಅಷ್ಟರಲ್ಲಿ ದೋಣಿ ಬಂದಿತು. ಉದ್ದವಾದ ಕಿರಿದಾದ ದೋಣಿ, ಅಡ್ಡಡ್ಡಲಾಗಿ ಹಲಗೆಯ ಪೀಠಗಳು, ಹತ್ತಲು ಬಾಗಿಲೆಂಬುದಿಲ್ಲ. ಮೇಲಿನಿಂದ ಇಳಿಬಿಟ್ಟ ಹಗ್ಗವನ್ನು ಹಿಡಿದು ಅಂಚನ್ನು ದಾಟಿ ಒಳಗೆ ಕಾಲಿಡಬೇಕು. ಕೆಲಸದವನು ಗಟ್ಟೆಯ ಗೂಟಕ್ಕೆ ಹಗ್ಗ ಸುತ್ತುವನು, ಹತ್ತು ಎಣಿಸುವುದರೊಳಗೆ ಬಿಚ್ಚಿಬಿಡುವನು. ಟಿಕೆಟ್ಟು ಕೊಡುವವರು ತಲೆಗೆ ಹೆಲ್ಮೆಟ್ಟು ತೊಟ್ಟು, ದೋಣಿಯ ಹೊರ ಅಂಚಿನ ಮೇಲೆಯೇ ನಡೆದಾಡುವರು. ನೀರಿನ ವಾಸನೆಯನ್ನು ನಾವು ವರ್ಣಿಸುವುದಿಲ್ಲ.

ನಾವು ಅಂಚಿನಲ್ಲಿ ಕೈಕಟ್ಟಿ ಕುಳಿತೆವು. ಎದುರಿನಿಂದ ಇನ್ನೊಂದು ದೋಣಿ ವೇಗವಾಗಿ ಬಂದಿತು. ಉಳಿದ ಸಾಲುಗಳ ಅಂಚಿನವರೆಲ್ಲರೂ ಹಗ್ಗ ಜಗ್ಗಿದರು. ಪಕ್ಕದ ಟಾರ್ಪಾಲು ಗೋಡೆಯಂತೆ ಮೇಲೆದ್ದಿತು. ನಮ್ಮ ಸಾಲಿನಲ್ಲಿ ಮಾತ್ರ ಅದು ಜೋಲುತ್ತಿದ್ದಿತು. ಆ ಕಪ್ಪು ನೀರು ನಮ್ಮ ಪಂಚೆಯ ಮೇಲೂ, ನಮ್ಮ ಪಕ್ಕದಲ್ಲಿದ್ದ ವೃದ್ಧೆಯೊಬ್ಬಳ ಮಡಿಲಿನ ಮೇಲೂ ಸಿಡಿಯಿತು. ಆಕೆ ಬಯ್ಯಲಿಲ್ಲ. ನಗುತ್ತ ಕೈಚಾಚಿ ಹಗ್ಗದ ತುದಿಯನ್ನು ತಂದು ನಮ್ಮ ಅಂಗೈಯಲ್ಲಿಟ್ಟಳು. ಅಂಚಿನಲ್ಲಿ ಕುಳಿತವನು ಇಡೀ ಸಾಲಿಗೆ ಹೊಣೆಗಾರನು. ಅವನು ಕೈಕಟ್ಟಿದರೆ ಒಳಗಿನವರೆಲ್ಲರೂ ತೋಯುವರು. ಅಲ್ಲಿಂದ ಮುಂದೆ ನಾವು ಹಗ್ಗವನ್ನು ಬಿಡಲಿಲ್ಲ.

ಪ್ರತುನಾಮ್ ಎಂಬಲ್ಲಿ ಇಳಿದು ಬೇರೆ ದೋಣಿಯನ್ನು ಹತ್ತಬೇಕು. ಆ ಮಾತಿಗೆ ನೀರಬಾಗಿಲು ಎಂದರ್ಥ. ಕಾಯುತ್ತಿದ್ದಾಗ ಮೊಮ್ಮಗಳು ತನ್ನ ಚೀಲದಿಂದ ಒಂದು ನೋಟುಪುಸ್ತಕವನ್ನು ತೆಗೆದಳು. ಒಂದೊಂದು ಪುಟದಲ್ಲಿಯೂ ಎಡಕ್ಕೆ ಥಾಯ್ ಅಕ್ಷರ, ಬಲಕ್ಕೆ ಕನ್ನಡದ ಅಕ್ಷರ. ಅವರ ವರ್ಣಮಾಲೆಯೂ ನಮ್ಮಂತೆಯೇ ಕವರ್ಗ, ಚವರ್ಗ ಎಂದು ಸಾಗಿ ಕಡೆಗೆ ಶ ಷ ಸ ಹಗಳಿಗೆ ಬರುವುದು. ಮಗುವಿಗೆ ಶಾಲೆಯಲ್ಲಿ ಬಂದ ಅಕ್ಷರದ ಕೈಹಿಡಿಸಿ ಮನೆಯ ಅಕ್ಷರಕ್ಕೆ ಕರೆತಂದಿದ್ದರು. ಕನ್ನಡದಲ್ಲಿ ಜೊತೆಯಿಲ್ಲದ ಅಕ್ಷರಗಳ ಎದುರಿಗೆ ಜಾಗ ಖಾಲಿ ಬಿಟ್ಟಿದ್ದಿತು. ಬರಹ ಸೊಸೆಯದು. ಮೊದಲ ಪುಟದ ಮೇಲಿನ ತಾರೀಖು ನಾವು ಆ ಊರಿಗೆ ಕಾಲಿಡುವುದಕ್ಕೆ ಎಂಟು ತಿಂಗಳು ಹಿಂದಿನದು.

“ಯಾವಾಗ ಕಲಿಯುತ್ತೀಯಮ್ಮ?” ಎಂದು ಕೇಳಿದೆವು.

“ರಾತ್ರಿ, ಅಮ್ಮನ ಕೆಲಸ ಮುಗಿದ ಮೇಲೆ. ಕಾಗುಣಿತ ಆಯಿತು ತಾತ. ಒತ್ತಕ್ಷರ ಇನ್ನೂ ಇಲ್ಲ. ಆ ಪುಸ್ತಕದಲ್ಲಿ ಬರೀ ಒತ್ತಕ್ಷರ.”

ನಾವು ಪುಸ್ತಕವನ್ನು ಮುಚ್ಚಿ ಅವಳ ಕೈಗೆ ಕೊಟ್ಟೆವು. ಶಾಲೆಯಲ್ಲಿದ್ದಾಗ ಹುಡುಗನೊಬ್ಬನು ಎಡವಿದರೆ, ಎಲ್ಲಿ ಎಡವಿದನೆಂದು ನೋಡದೆ ನಾವು ಎಂದೂ ಬೈದವರಲ್ಲ. ಆ ವಿವೇಕ ಮನೆಯಲ್ಲಿ ಎಲ್ಲಿಗೆ ಹೋಗಿದ್ದಿತು?

ಎರಡನೆಯ ದೋಣಿಯಲ್ಲಿ ಜನ ಕಿಕ್ಕಿರಿದಿದ್ದರು. ನಾವೂ ಸೊಸೆಯೂ ನಿಂತೆವು. ಆನೆಯ ತಲೆಯ ಸೇತುವೆಯೆಂದು ಊರವರು ಕರೆಯುವ ಹುಆ ಚಾಂಗ್ ಸೇತುವೆ ಬಂದಿತು. ಅದರ ಮೂಲೆಗಳಲ್ಲಿ ಆನೆಯ ತಲೆಗಳನ್ನು ಮಾಡಿಟ್ಟಿರುವರು. ಐದನೆಯ ರಾಮನಾದ ಚೂಳಾಲಂಕರಣ ರಾಜನು ತನ್ನ ಹುಟ್ಟುಹಬ್ಬದ ನೆನಪಿಗೆ ವರ್ಷಕ್ಕೊಂದರಂತೆ ಸೇತುವೆಗಳನ್ನು ಕಟ್ಟಿಸುತ್ತಿದ್ದನು. ಇದು 1909ರದು, ರಾಜನಿಗೆ ಆಗ 56 ವರ್ಷ, ಸೇತುವೆಯ ಹೆಸರಿನಲ್ಲಿಯೇ ಆ ಸಂಖ್ಯೆ ಸೇರಿದೆ. ಹತ್ತಿರದಲ್ಲಿಯೇ ಸ ಪಥುಂ ಎಂಬ ಅರಮನೆ. ಪಥುಂ ಎಂದರೆ ಪದ್ಮ, ತಾವರೆಯ ಕೊಳದ ಅರಮನೆ. ಅದರ ಮುಂದೆ, ಪೂರ್ವದಲ್ಲಿ ರಾಜಸೇವೆಗೆ ಬಂದು ನೆಲೆಸಿದ ಚಾಮ್ ಮುಸಲ್ಮಾನರ ಬಾನ್ ಖ್ರುಆ ಎಂಬ ಕೇರಿ. ಅವರ ರೇಷ್ಮೆಯ ನೆಯ್ಗೆ ಲೋಕಪ್ರಸಿದ್ಧ. ಬೇರೆ ದಿನವಾಗಿದ್ದರೆ ಇದೆಲ್ಲವನ್ನೂ ನಾವು ಗಟ್ಟಿಯಾಗಿ ವಿವರಿಸುತ್ತಿದ್ದೆವು. ಅಂದು ಬಾಯಿ ಬರಲಿಲ್ಲ.

ಮುಂದೆ ತಗ್ಗಾದ ಸೇತುವೆಯೊಂದು ಬಂದಿತು. ಇಲ್ಲಿ ಒಂದು ಸೂಕ್ಷ್ಮವಿದೆ. ಸೇತುವೆಯನ್ನು ಎತ್ತರಿಸಬೇಕೆಂದರೆ ಅದರ ಮೇಲಿನ ರಸ್ತೆಯನ್ನು ಎತ್ತರಿಸಬೇಕು. ರಸ್ತೆ ಎತ್ತರಿಸಿದರೆ ಎರಡು ಬದಿಯ ಮನೆಗಳು ಹಳ್ಳಕ್ಕೆ ಬೀಳುವುವು. ನೀರಾದರೋ ಮಳೆಗಾಲದಲ್ಲಿ ಏರುವುದು. ಏರಿದಷ್ಟೂ ನೀರಿಗೂ ಸೇತುವೆಗೂ ನಡುವಣ ಎಡೆ ಕಿರಿದಾಗುವುದು. ಆದಕಾರಣ ದೋಣಿ ಮಾಡುವವರು ಚಾವಣಿಯನ್ನು ಸ್ಥಿರವಾಗಿ ನಿಲ್ಲಿಸದೆ, ಮಡಿಚುವ ಕಂಬಗಳ ಮೇಲೆ ಕೂರಿಸಿರುವರು. ಸೇತುವೆ ಸಮೀಪಿಸಿದೊಡನೆ ಚಾವಣಿಯು ಪೂರ್ತಿಯಾಗಿ ಕೆಳಕ್ಕೆ ಬಗ್ಗುವುದು. ಅಂಚಿನ ಮೇಲಿದ್ದ ಕೆಲಸದವರೂ ತಲೆ ಬಗ್ಗಿಸುವರು. ಸೇತುವೆ ದಾಟಿದೊಡನೆ ಎಲ್ಲವೂ ಮತ್ತೆ ನೆಟ್ಟಗಾಗುವುದು. ಇದರಲ್ಲಿ ಯಾರಿಗೂ ಅವಮಾನವಿಲ್ಲ. ದೋಣಿಯ ವೇಗವೂ ಕುಂದದು.

ನಾವು ಮಾತ್ರ ಯೋಚನೆಯಲ್ಲಿ ಮುಳುಗಿ ನೆಟ್ಟಗೆ ನಿಂತಿದ್ದೆವು. “ಮಾವ, ಬಗ್ಗಿ!” ಎಂದು ಕೂಗು ಕೇಳಿಸಿತು. ಬಗ್ಗುವುದರೊಳಗೆ ಚಾವಣಿಯ ಕಬ್ಬಿಣದ ಸಲಾಕೆ ಇಳಿದುಬಿಟ್ಟಿತು. ನೆತ್ತಿಗೆ ಮೆತ್ತಗಿನದೇನೋ ತಗಲಿತು. ಸೊಸೆಯು ನಮ್ಮ ತಲೆಗೂ ಸಲಾಕೆಗೂ ನಡುವೆ ತನ್ನ ಅಂಗೈಯನ್ನು ಒಡ್ಡಿದ್ದಳು. ಬೆಳಕಿಗೆ ಬಂದಾಗ ನೋಡಿದರೆ ಅವಳ ಬೆರಳ ಗೆಣ್ಣುಗಳು ಕೆಂಪೇರಿದ್ದುವು. ಅವಳು ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಬೊಬೆ ಗಟ್ಟೆಯಲ್ಲಿ ನಮ್ಮ ಮನೆಯವರೂ ಮೊಮ್ಮಗಳೂ ಮುಂದೆ ನಡೆದರು. ನಾವು ನಿಂತೆವು, ಸೊಸೆಯೂ ನಿಂತಳು. “ಅಮ್ಮಾ, ಆ ದಿನ ನಾನು ಆಡಿದ ಮಾತು ತಪ್ಪು” ಎಂದೆವು. ನಾವು ಎಂದು ಬರೆಯುವುದು ಈ ಪುಟದ ಪದ್ಧತಿ. ಆ ಹೊತ್ತಿನಲ್ಲಿ ನಾನು ಎಂದೇ ಹೇಳಿದೆವು.

ಅವಳ ಕಣ್ಣು ತುಂಬಿತು. ಸ್ವಲ್ಪ ತಡೆದು, “ಹೋಗಲಿ ಬಿಡಿ ಮಾವ. ಥಾಯ್ ಬರಹದಲ್ಲಿ ಒತ್ತಕ್ಷರವಿಲ್ಲ. ಅದನ್ನು ಹೇಗೆ ಹೇಳಿಕೊಡಬೇಕೋ ನನಗೆ ತೋಚುತ್ತಿಲ್ಲ. ಅದೊಂದನ್ನು ನೀವು ಹೇಳಿಕೊಡಿ” ಎಂದಳು.

ಟಿಕೆಟ್ಟು ಬದಲಾಗಲಿಲ್ಲ. ಉಳಿದ ದಿನಗಳೆಲ್ಲ ಸಂಜೆ ಒಂದು ಗಂಟೆ ಒತ್ತಕ್ಷರದ ಪಾಠ ನಡೆಯಿತು. ಅಕ್ಕ, ಅಪ್ಪ, ಅಮ್ಮ, ಅಜ್ಜಿಗಳಿಂದ ಮೊದಲುಮಾಡಿ, ನಾವು ಹೊರಡುವ ಹೊತ್ತಿಗೆ ಮಗು ಆ ಕಥೆಯ ಪುಸ್ತಕದ ನಾಲ್ಕು ಪುಟಗಳನ್ನು ಓದಿತು. ಈಗಲೂ ಪ್ರತಿ ಭಾನುವಾರ ಫೋನಿನ ಮೂಲಕ ಪಾಠ ನಡೆಯುತ್ತಿದೆ.

ಮನೆಯಲ್ಲಿ ಹಿರಿಯರೆನಿಸಿದ ವಾಚಕರಲ್ಲಿ ನಮ್ಮದೊಂದು ವಿಜ್ಞಾಪನೆ. ಮಕ್ಕಳ ಮನೆಗೆ ಹೋದಾಗ, ಕಣ್ಣಿಗೆ ಕಂಡ ಕೊರತೆಯನ್ನು ಆಡಿಬಿಡುವುದಕ್ಕೆ ಮುಂಚೆ ಆ ಮನೆಯ ರಾತ್ರಿಯ ಕೆಲಸವನ್ನೂ ಒಮ್ಮೆ ನೋಡಿರಿ. ಹಗಲಿನಲ್ಲಿ ಕಾಣದ ನೋಟುಪುಸ್ತಕವೊಂದು ಅಲ್ಲಿ ಇದ್ದರೂ ಇರಬಹುದು.