ಆನೆಯ ಒಡವೆ, ಆನೆಯ ಒಡಲು

ಮಗಳ ಮದುವೆಗೆ ಬಳೆ ಮಾಡಿಸಲು ಹೋಗಿದ್ದೆವು. ಎರಡು ತುದಿಗೂ ಆನೆಮುಖವಿದ್ದು, ಸೊಂಡಿಲುಗಳು ಎದುರುಬದುರಾಗಿ ಕೂಡುವ ಬಳೆಯೇ ಬೇಕೆಂದು ಅವಳ ಹಟ. ಲೆಕ್ಕವೆಲ್ಲ ಮುಗಿದ ಮೇಲೆ ಅಕ್ಕಸಾಲಿಗರು ದನಿ ತಗ್ಗಿಸಿ, "ಮೇಷ್ಟ್ರೇ, ಅಳಿಯಂದಿರಿಗೆ ಆನೆಬಾಲದ ಕೂದಲಿನ ಉಂಗುರ ಮಾಡಿಕೊಡಲೇ? ದೃಷ್ಟಿ ತಾಗುವುದಿಲ್ಲ" ಎಂದರು. ನನ್ನಾಕೆಗೆ ಆಸೆಯಾಯಿತು. ನನಗೆ ಪಾಠ ಮಾಡುವ ಚಾಳಿ ಕೆರಳಿತು.

ಆನೆಯನ್ನು ಒಡವೆಯಾಗಿಸುವ ಆಸೆ ನಮ್ಮಲ್ಲಿ ಬಹಳ ಹಳೆಯದು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ಒಮ್ಮೆ ಸುತ್ತಿ ಬನ್ನಿ. 12ನೇ ಶತಮಾನದ ಆ ಗೋಡೆಯ ತೀರಾ ಕೆಳಗಿನ ಪಟ್ಟಿಕೆಯಲ್ಲಿ ಆನೆಗಳ ಸಾಲು. ಗುಡಿಯ ಪಾದಕ್ಕೆ ತೊಡಿಸಿದ ಕಾಲ್ಕಡಗದಂತಿದೆ ಅದು. ಆ ಕಲ್ಲಾನೆಗಳಿಗೂ ಸರ, ಗಂಟೆಗಳ ಅಲಂಕಾರ! ಇನ್ನು ಮಧ್ಯಪ್ರದೇಶದ ಸಾಂಚಿಯ ತೋರಣಗಳಲ್ಲಿ ಜೋಡಿ ಆನೆಗಳು ದೇವಿಗೆ ನೀರೆರೆಯುತ್ತವೆ. ಎರಡು ಸಾವಿರ ವರ್ಷ ಕಳೆದರೂ ಅದೇ ಗಜಲಕ್ಷ್ಮಿ ನಮ್ಮ ಹೆಂಗಸರ ಪದಕದಲ್ಲಿ ಕುಳಿತಿದ್ದಾಳೆ. ಅಲ್ಲಿನ ದಕ್ಷಿಣ ತೋರಣದ ಶಾಸನವೊಂದು, ಆ ಕೆತ್ತನೆ ವಿದಿಶೆಯ ದಂತದ ಕೆಲಸಗಾರರದು ಎನ್ನುತ್ತದೆ. ದಂತ ಬಿಟ್ಟು ಕಲ್ಲು ಹಿಡಿದರೂ ಅವರ ಕೈಚಳಕ ಕುಂದಲಿಲ್ಲ ಎಂಬುದನ್ನು ಗಮನಿಸಿ.

ಏಕೆಂದರೆ ದಂತದ ಕಥೆಯೇ ಬೇರೆ. ಅದು ಕೋಡಲ್ಲ, ಆನೆಯ ಬಾಚಿಹಲ್ಲು. ಅದರ ಸುಮಾರು ಮೂರನೇ ಒಂದು ಪಾಲು ತಲೆಬುರುಡೆಯೊಳಗೆ ಹೂತಿರುತ್ತದೆ. ಇಡೀ ದಂತ ಬೇಕೆನ್ನುವ ಕಳ್ಳಬೇಟೆಗಾರ ಆನೆಯನ್ನು ಕೊಂದೇ ಕೀಳುತ್ತಾನೆ. ನಮ್ಮ ಆನೆಗಳಲ್ಲಿ ಉದ್ದ ದಂತ ಬರುವುದು ಗಂಡಿಗೆ ಮಾತ್ರ. ಹಾಗಾಗಿ ಕೇರಳದ ಪೆರಿಯಾರ್ ಕಾಡಿನಲ್ಲಿ 1980ರ ದಶಕದ ಕೊನೆಗೆ ಬೆಳೆದ ಗಂಡಾನೆ ಒಂದಾದರೆ, ಹೆಣ್ಣಾನೆಗಳು ನೂರಕ್ಕೂ ಹೆಚ್ಚು! 1972ರ ವನ್ಯಜೀವಿ ಕಾಯ್ದೆಗೆ 1986 ಮತ್ತು 1991ರಲ್ಲಿ ತಂದ ತಿದ್ದುಪಡಿಗಳು ದಂತದ ವ್ಯಾಪಾರಕ್ಕೆ ಬಾಗಿಲು ಮುಚ್ಚಿದವು. ಬಾಲದ ಕೂದಲು ಮಾರುವುದೂ ಅಪರಾಧವೇ.

"ಕೂದಲು ಎಂದರೆ ಕೆರಾಟಿನ್ ಎಂಬ ಪ್ರೋಟೀನು. ನಮ್ಮ ಉಗುರಿನಲ್ಲಿರುವುದೂ ಅದೇ. ಅದಕ್ಕೆ ದೃಷ್ಟಿ ತಡೆಯುವ ಶಕ್ತಿಯಿದ್ದರೆ ಹತ್ತು ಬೆರಳಿನ ಉಗುರೇ ಸಾಕಲ್ಲವೇ?" ಎಂದೆ. ಅಕ್ಕಸಾಲಿಗರು ನಕ್ಕರು. ನನ್ನಾಕೆ ನಗಲಿಲ್ಲ. ಮನೆ ಸೇರುವವರೆಗೂ ಮಾತಿಲ್ಲ.

ಹದಿನೈದು ದಿನಕ್ಕೆ ಬಳೆ ಬಂತು. ಅಕ್ಕಿಕಾಳಿನಷ್ಟು ಪುಟ್ಟ ದಂತ, ಅದೂ ಚಿನ್ನದ್ದೇ. ನನ್ನಾಕೆ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಎಷ್ಟು ಲಕ್ಷಣವಾಗಿದೆ, ಅಳಿಯಂದಿರಿಗೂ ಆನೆಮುಖದ ಉಂಗುರವನ್ನೇ ಮಾಡಿಸೋಣ" ಎಂದಳು. ಖರ್ಚು ತುಸು ಹೆಚ್ಚಾಯಿತು, ನಿಜ. ಆದರೆ ಆನೆಯ ಚೆಲುವು ನಮ್ಮ ಮೈಮೇಲಿರಲಿ, ಅದರ ಮೈ ಅದಕ್ಕೇ ಇರಲಿ.