ರಕ್ಷಕನ ಎದೆಯೂ ಶಾಸನದ ಪಟ್ಟಿಯೂ

ಪ್ರಜೆಗಳ ಪ್ರಾಣವನ್ನು ಕಾಯುವವನ ಪ್ರಾಣವನ್ನು ಕಾಯುವುದು ರಾಜ್ಯಕ್ಕೆ ಸಹಜವಾದ ಧರ್ಮ. ಅಮೆರಿಕಾ ಸಂಯುಕ್ತ ಸಂಸ್ಥಾನವು ಈ ಧರ್ಮವನ್ನು ಒಪ್ಪಿ ಶಾಸನವನ್ನೂ ಮಾಡಿತು. ಆದರೆ ಅಳತೆಗೋಲನ್ನು ಮಾತ್ರ ತಪ್ಪಾಗಿ ಆರಿಸಿಕೊಂಡಿತು.

ಡ್ಯೂಪಾಂಟ್ ಸಂಸ್ಥೆಯ ರಸಾಯನಶಾಸ್ತ್ರಜ್ಞೆ ಸ್ಟೆಫನೀ ಕ್ವೊಲೆಕ್ 1965ರಲ್ಲಿ ಕಂಡುಹಿಡಿದ ಎಳೆಯಿಂದ ಕೆವ್ಲಾರ್ ಕವಚವು ಹುಟ್ಟಿತು. ಪಿಸ್ತೂಲಿನ ಸೀಸದ ಗುಂಡು ಆ ನೆಯ್ಗೆಗೆ ತಗುಲಿ ಚಪ್ಪಟೆಯಾಗುತ್ತದೆ. ಗಡಸು ಲೋಹದ ಗುಂಡಾದರೋ ಆಕಾರಗೆಡದೆ ಎಳೆಗಳನ್ನು ಸೀಳಿ ಒಳಹೊಗುತ್ತದೆ. ವಿಧಿವಿಲಾಸವೆಂದರೆ, ಈ ಬಗೆಯಲ್ಲಿ ಕುಖ್ಯಾತವಾದ ಕೆ.ಟಿ.ಡಬ್ಲ್ಯೂ. ಗುಂಡನ್ನು 1960ರ ದಶಕದಲ್ಲಿ ರೂಪಿಸಿದ್ದು ಪೊಲೀಸರ ಉಪಯೋಗಕ್ಕಾಗಿಯೇ, ಮೋಟಾರುಗಾಡಿಯ ಮರೆಯಲ್ಲಿ ಅವಿತ ಪಾತಕಿಯನ್ನು ಹೊಡೆಯಲೆಂದು.

ಹಿಂದೆ ನ್ಯೂಯಾರ್ಕಿನ ಪೊಲೀಸ್ ಅಧಿಕಾರಿಯಾಗಿದ್ದ ಕಾಂಗ್ರೆಸ್ ಸದಸ್ಯ ಮಾರಿಯೊ ಬಿಯಾಜಿ ಮೊದಲು ತಂದ ಮಸೂದೆಯು, ಕವಚವನ್ನು ಭೇದಿಸುವ ಶಕ್ತಿಯನ್ನೇ ಪರೀಕ್ಷೆಯಾಗಿಟ್ಟಿತ್ತು. 1986ರ ಶಾಸನವು ಅದನ್ನು ಕೈಬಿಟ್ಟು ಟಂಗ್‌ಸ್ಟನ್ ಮಿಶ್ರಲೋಹ, ಉಕ್ಕು, ಕಬ್ಬಿಣ, ಹಿತ್ತಾಳೆ, ಕಂಚು ಮೊದಲಾದವುಗಳ ಪಟ್ಟಿಯೊಂದನ್ನು ಹಿಡಿಯಿತು. ಚಾಪೆಯ ಕೆಳಗೆ ನುಸುಳಿದರೆ ರಂಗೋಲಿಯ ಕೆಳಗೆ ನುಸುಳುವವರು ಎಲ್ಲಿಲ್ಲ? ಸೀಸದ ತಿರುಳಿಗೆ ದಪ್ಪನೆಯ ಉಕ್ಕಿನ ಹೊದಿಕೆ ತೊಡಿಸಿದ ಗುಂಡು ಆ ಪಟ್ಟಿಗೆ ಸಿಕ್ಕಲಿಲ್ಲ. 1994ರಲ್ಲಿ, ಹೊದಿಕೆಯ ತೂಕವು ಗುಂಡಿನ ಒಟ್ಟು ತೂಕದ ನೂರಕ್ಕೆ 25ನ್ನು ಮೀರಬಾರದೆಂದು ತೇಪೆ ಹಾಕಬೇಕಾಯಿತು. ಬೇಟೆ, ಗುರಿಯಾಟಗಳ ಹೆಸರಿನ ವಿನಾಯಿತಿಯಂತೂ ಉಳಿದೇ ಇತ್ತು. ರೈಫಲ್ಲಿನ ಹಸಿರು ತುದಿಯ ಎಂ855 ಗುಂಡನ್ನು ಹಾರಿಸಬಲ್ಲ ಪಿಸ್ತೂಲುಗಳು ಬಂದುವೆಂದು ಆ ವಿನಾಯಿತಿಯನ್ನು ತೆಗೆಯಹೊರಟ ಇಲಾಖೆಯು, 80,000ಕ್ಕೂ ಮಿಕ್ಕಿದ ಅಭಿಪ್ರಾಯಪತ್ರಗಳ ಮುಂದೆ 2015ರ ಮಾರ್ಚಿಯಲ್ಲಿ ಹಿಂದೆಗೆಯಿತು.

ಪ್ರತಿಪಕ್ಷದವರ ವಾದವನ್ನೂ ಕೇಳಬೇಕು. ಬೇಟೆಯ ರೈಫಲ್ಲಿನ ಸಾಮಾನ್ಯ ಗುಂಡೂ ಮೆತುಕವಚವನ್ನು ಸೀಳುತ್ತದೆ. ಭೇದನಶಕ್ತಿಯೇ ಅಪರಾಧವಾದರೆ ಬೇಟೆಯೇ ನಿಂತೀತೆಂದು ಅವರ ಆಕ್ಷೇಪ. ಸಂಗತಿ ನಿಜ, ನಿರ್ಣಯ ಸುಳ್ಳು. ಪರೀಕ್ಷೆಯನ್ನು ಪಿಸ್ತೂಲಿನ ಗಿಡ್ಡ ನಳಿಗೆಯಿಂದಲೇ ನಡೆಸಿ, ಪಿಸ್ತೂಲಿಗೆಂದು ಮಾಡಿದ ಗುಂಡಿಗೂ, ಪಿಸ್ತೂಲಿನಿಂದ ಹಾರಿಸಬಹುದಾದ ಗಡಸು ತಿರುಳಿನ ಗುಂಡಿಗೂ ಮಾತ್ರ ಅನ್ವಯಿಸಿದರೆ ಬೇಟೆಗಾರನ ಸಾಮಾನ್ಯ ಗುಂಡಿಗೆ ಯಾವ ಭಂಗವೂ ಇಲ್ಲ. ಅಷ್ಟೇ ಅಲ್ಲ, ಈಗ ಅವನಿಗೆ ತೊಡಕಾಗಿರುವುದು ಲೋಹದ ಪಟ್ಟಿಯೇ. ಕ್ಯಾಲಿಫೋರ್ನಿಯಾ 2019ರಿಂದ ಬೇಟೆಯಲ್ಲಿ ಸೀಸದ ಗುಂಡನ್ನು ಪೂರ್ತಿಯಾಗಿ ನಿಷೇಧಿಸಿದೆ. ಸೀಸಕ್ಕೆ ಬದಲಾಗಬಲ್ಲ ಹಿತ್ತಾಳೆಯ ಗುಂಡು ಪಿಸ್ತೂಲಿಗೂ ಹೊಂದುವುದಾದರೆ, ಅದು ಕವಚವನ್ನು ಸೀಳಲಿ ಬಿಡಲಿ, ಪಟ್ಟಿಯ ದೆಸೆಯಿಂದ ಅಪರಾಧಿ.

ವಿಷವನ್ನು ಅದರ ಬಣ್ಣದಿಂದಲ್ಲ, ಮಾಡುವ ಕೇಡಿನಿಂದ ಗುರುತಿಸುವುದು ವಿವೇಕ. ಗುಂಡು ಯಾವ ಲೋಹದ್ದೆಂದು ಕೇಳುವ ಶಾಸನವು, ಅದು ಯಾರ ಎದೆಯನ್ನು ಹೊಕ್ಕೀತೆಂದು ಕೇಳುವುದನ್ನು ಕಲಿಯಲಿ.